ರಷ್ಯನ್ ಓದಿದರೆ ಹೊಟ್ಟೆ ತುಂಬುತ್ತದೆಯೇ?

ಬೀದರ್ ಜಿಲ್ಲೆಯ ಓದುಗರೊಬ್ಬರ ದೀರ್ಘ ಪತ್ರದ ಸಾರ: ಬಿ.ಎ. ಕೊನೆಯ ವರ್ಷದಲ್ಲಿದ್ದಾರೆ, ವಿಷಯಗಳು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ. ರಷ್ಯಾ ಮತ್ತು ಮಧ್ಯ ಏಷ್ಯಾದ ಬಗ್ಗೆ ಎಂ.ಎ., ಪಿಎಚ್.ಡಿ. ಮಾಡುವ ಆಸೆ. ಮನೆಯವರು ಬಿ.ಎಡ್. ಮಾಡು ಎನ್ನುತ್ತಿದ್ದಾರೆ. ಈ ನಡುವೆ ಒಂದು ಕನ್ಸಲ್ಟೆನ್ಸಿ ‘ರಷ್ಯಾದಲ್ಲಿ ಸ್ಕಾಲರ್‌ಶಿಪ್ ಸೀಟು ಕೊಡಿಸುತ್ತೇವೆ, ಮುಂಗಡ ಕಟ್ಟಿ’ ಎಂದಿದೆ. ಎಲ್ಲಿ ಓದಬೇಕು, ಕೆಲಸ ಏನು ಸಿಗುತ್ತದೆ, ಯುದ್ಧದ ಈ ಕಾಲದಲ್ಲಿ ಈ ದಾರಿ ಹಿಡಿಯಬಹುದೇ ಎಂದು ಕೇಳಿದ್ದಾರೆ.

ಪ್ರಿಯ ಓದುಗರೆ,

ಮುಂಗಡದ ಮಾತು ಮೊದಲು ಮುಗಿಸೋಣ: ಕಟ್ಟಬೇಡಿ. ರಷ್ಯಾ ಸರ್ಕಾರ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಕೋಟಾ ಸೀಟಿಗೆ ಅರ್ಜಿ ಹಾಕುವುದು ಅವರ ಸರ್ಕಾರಿ ಪೋರ್ಟಲಿನಲ್ಲಿ, ನೀವೇ ಖಾತೆ ತೆರೆದು. ಮೊದಲ ಸುತ್ತಿನ ಆಯ್ಕೆ ಭಾರತದಲ್ಲೇ, ರಷ್ಯನ್ ಹೌಸ್ ಎಂಬ ಅವರ ಸಾಂಸ್ಕೃತಿಕ ಕೇಂದ್ರದ ಮೂಲಕ ಆಗುತ್ತದೆ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ತಿರುವನಂತಪುರಗಳಲ್ಲಿ ಈ ಕೇಂದ್ರಗಳಿವೆ; ಬೆಂಗಳೂರಿನಲ್ಲಿಲ್ಲ. ಎರಡನೇ ಸುತ್ತಿನಲ್ಲಿ ನೀವು ಆರಿಸಿದ ವಿಶ್ವವಿದ್ಯಾಲಯಗಳು ಕಡತ ನೋಡುತ್ತವೆ. ಗರಿಷ್ಠ ಆರನ್ನು ಹೆಸರಿಸಬಹುದು. ಸೀಟು ಸಿಕ್ಕರೆ ಬೋಧನಾ ಶುಲ್ಕವಿಲ್ಲ. ಭಾಷೆ ಬಾರದವರಿಗೆ ಮೊದಲ ಒಂದು ವರ್ಷ ಪೂರ್ವಸಿದ್ಧತಾ ವಿಭಾಗವಿರುತ್ತದೆ, ವಿದ್ಯಾರ್ಥಿಗಳು ಅದನ್ನು ‘ಪದ್‌ಫಾಕ್’ ಎನ್ನುತ್ತಾರೆ. ವಿಮಾನ, ಆರೋಗ್ಯ ವಿಮೆ, ಊಟ ನಿಮ್ಮ ಕೈಯಿಂದ. ಸಿಗುವ ಸ್ಟೈಪೆಂಡಿನಲ್ಲಿ ತಿಂಗಳು ಕಳೆಯಲಾಗದು. 2022ರ ಮಾರ್ಚ್‌ನಿಂದ ಭಾರತದ ಬ್ಯಾಂಕು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್‌ಗಳು ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಮೊದಲ ಎರಡು ತಿಂಗಳ ಖರ್ಚು ಕೈಯಲ್ಲೇ ಇರಬೇಕು. ಈ ಯಾವುದನ್ನೂ ಏಜೆಂಟರು ಹೇಳುವುದಿಲ್ಲ.

ನಿಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಯುವಕರು ಕೆಲಸ ಕೊಡಿಸುತ್ತೇವೆಂದವರ ಮಾತು ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ಕೆಲಸಕ್ಕೆ ಸಿಕ್ಕಿಬಿದ್ದ ಸುದ್ದಿ 2024ರಲ್ಲಿ ಎಲ್ಲರೂ ಓದಿದ್ದೇವೆ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ.

ಇನ್ನು ನಿಮ್ಮ ಓದು. ಸ್ಲಾವಿಕ್ (ರಷ್ಯನ್, ಪೋಲಿಷ್, ಚೆಕ್ ಬಗೆಯ ಭಾಷೆಗಳ ಕುಟುಂಬ) ಮತ್ತು ಯುರೇಷಿಯನ್ ಅಧ್ಯಯನ ಎಂಬ ಒಂದೇ ಬೋರ್ಡಿನ ಕೆಳಗೆ ಎರಡು ಬಾಗಿಲುಗಳಿವೆ. ಒಂದು ಭಾಷೆ ಮತ್ತು ಸಾಹಿತ್ಯ. ಇನ್ನೊಂದು ಪ್ರದೇಶ ಅಧ್ಯಯನ, ಅಂದರೆ ಆ ನಾಡುಗಳ ಇತಿಹಾಸ, ರಾಜಕೀಯ, ಅರ್ಥವ್ಯವಸ್ಥೆ. ಮೊದಲ ಬಾಗಿಲು ನಿಮಗೆ ಈಗ ಮುಚ್ಚಿದೆ, ಎಂ.ಎ. ರಷ್ಯನ್‌ಗೆ ಬಿ.ಎ.ಯಲ್ಲಿ ಆ ಭಾಷೆ ಓದಿರಬೇಕು, ಇಲ್ಲವೇ ಪದವಿಯ ಜೊತೆ ಡಿಪ್ಲೊಮಾ ಮಟ್ಟದ ಕಲಿಕೆ ತೋರಿಸಬೇಕು. ಎರಡನೆಯದು ತೆರೆದೇ ಇದೆ. ಇತಿಹಾಸ, ರಾಜ್ಯಶಾಸ್ತ್ರದವರನ್ನೇ ಅದು ಕೇಳುತ್ತದೆ. ನಮ್ಮ ಸಲಹೆಯ ತಿರುಳು ಇಷ್ಟೆ: ಎರಡನೇ ಬಾಗಿಲಿನಿಂದ ಒಳಗೆ ಹೋಗಿ, ಆದರೆ ಮೊದಲ ಬಾಗಿಲಿನವರಷ್ಟೇ ಭಾಷೆ ಕಲಿಯಿರಿ. ನಮ್ಮ ದೇಶದಲ್ಲಿ ರಷ್ಯನ್ ಬಲ್ಲ ಎಷ್ಟೋ ಮಂದಿಗೆ ಬೇರೆ ಶಾಸ್ತ್ರ ಬಾರದು, ರಷ್ಯಾದ ವಿದೇಶಾಂಗ ನೀತಿ ಬರೆಯುವ ಎಷ್ಟೋ ಮಂದಿಗೆ ರಷ್ಯನ್ ಬಾರದು. ಎರಡೂ ಬಲ್ಲವರ ಸಾಲು ಬಹಳ ಚಿಕ್ಕದು.

ಭಾಷೆಗೆ ಎಷ್ಟು ಕಾಲ ಬೇಕು? ಅಮೆರಿಕದ ರಾಜತಾಂತ್ರಿಕರಿಗೆ ಪಾಠ ಹೇಳುವ ಸಂಸ್ಥೆ ರಷ್ಯನ್‌ಗೆ ಇಟ್ಟಿರುವ ಅಂದಾಜು 44 ವಾರ, ಸುಮಾರು 1,100 ತರಗತಿ ಗಂಟೆ. ವಾರಕ್ಕೆ ಹತ್ತು ಗಂಟೆ ಕೊಟ್ಟರೆ ವರ್ಷಕ್ಕೆ ಐನೂರು ಗಂಟೆ, ಅಂದರೆ ಎರಡು ವರ್ಷಕ್ಕೂ ಮೀರಿದ ಕೆಲಸ. ‘ಮೂರು ತಿಂಗಳಲ್ಲಿ ರಷ್ಯನ್’ ಎಂಬ ಜಾಹೀರಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಮಟ್ಟ ಅಳೆಯಲು ಟಾರ್ಫಲ್ ಎಂಬ ಪರೀಕ್ಷೆಯಿದೆ. ಎ1ಕ್ಕೆ 780 ಪದ, ಎ2ಕ್ಕೆ 1,300, ಬಿ1ಕ್ಕೆ 2,300 ಪದ ಗೊತ್ತಿರಬೇಕು. ವ್ಯಾಕರಣ, ಓದು, ಆಲಿಕೆ, ಬರಹ, ಮಾತು ಎಂದು ಐದು ಭಾಗ. ಒಟ್ಟು ಸರಾಸರಿಯಲ್ಲಿ ತೇರ್ಗಡೆಯಿಲ್ಲ, ಪ್ರತಿ ಭಾಗದಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಅಂಕ ಬರಬೇಕು. ನಮ್ಮವರು ವ್ಯಾಕರಣದಲ್ಲಿ ದಂಡಿಯಾಗಿ ಅಂಕ ಗಳಿಸಿ ಆಲಿಕೆಯಲ್ಲಿ ಕುಸಿಯುತ್ತಾರೆ. ರಷ್ಯಾದಲ್ಲಿ ಪದವಿ ತರಗತಿಗೆ ಕೂರಲು ಬಿ1 ಸಾಕು. ಸಂಬಳ ಕೊಡುವವರು ಕೇಳುವುದು ಬಿ2. ಎ1 ಪ್ರಮಾಣಪತ್ರ ಗೋಡೆಗೆ ಚೆನ್ನ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ರಷ್ಯನ್‌ನ ಆರು ವಿಭಕ್ತಿಗಳ ಹೆಸರು ಕೇಳಿಯೇ ಇಂಗ್ಲಿಷಿನವರು ಬೆವರುತ್ತಾರೆ. ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಎಂದು ಕಂಠಪಾಠ ಮಾಡಿದ ನಮಗೆ ಅದು ಹೊಸತಲ್ಲ. ‘ನಾನು ವಿದ್ಯಾರ್ಥಿ’ ಎಂದು ಕ್ರಿಯಾಪದವಿಲ್ಲದೆ ಹೇಳುವಂತೆ ಅವರೂ ‘ಯಾ ಸ್ತುದ್ಯೆಂತ್’ ಎನ್ನುತ್ತಾರೆ. ‘ನನಗೆ ಚಳಿ’ ಎಂಬ ಚತುರ್ಥಿ ಅವರಲ್ಲೂ ಹಾಗೇ: ‘ಮ್ನ್ಯೆ ಹೋಲದ್ನ’. ನಾವು ಎಡವುವುದು ಬೇರೆ ಕಡೆ. ಕನ್ನಡದಲ್ಲಿ ದೊಡ್ಡ ಮನೆ, ದೊಡ್ಡ ಪುಸ್ತಕ, ದೊಡ್ಡ ಕಿಟಕಿ, ‘ದೊಡ್ಡ’ ಅಲುಗುವುದಿಲ್ಲ. ಅವರಲ್ಲಿ ಮನೆ ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ. ಬಲ್ಶೋಯ್ ದೋಮ್, ಬಲ್ಶಾಯಾ ಕ್ನೀಗಾ, ಬಲ್ಶೋಯೆ ಅಕ್ನೋ. ಈ ವಿಶೇಷಣ ಆರೂ ವಿಭಕ್ತಿಯಲ್ಲಿ ಮತ್ತೆ ರೂಪ ಬದಲಿಸುತ್ತದೆ. ಹೋಗುವುದಕ್ಕೆ ನಡೆದು ಹೋಗುವುದು ಬೇರೆ, ವಾಹನದಲ್ಲಿ ಹೋಗುವುದು ಬೇರೆ; ಒಮ್ಮೆ ಒಂದು ದಿಕ್ಕಿಗೆ ಹೋಗುವುದು ಬೇರೆ, ಹೋಗಿಬಂದು ಮಾಡುವುದು ಬೇರೆ. ಎರಡನೇ ವರ್ಷದಲ್ಲಿ ಕೈಬಿಡುವವರು ಬಹುಪಾಲು ಈ ಚಲನೆಯ ಕ್ರಿಯಾಪದಗಳ ಪಾಠದಲ್ಲಿ ಕೈಬಿಡುತ್ತಾರೆ.

ಮೊದಲ ವಾರದಿಂದಲೇ ಎರಡು ಅಭ್ಯಾಸ ಮಾಡಿಕೊಳ್ಳಿ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ಉರುಹೊಡೆಯಬೇಡಿ. ಹಾಲಿಗೆ ಅವರು ಬರೆಯುವುದು ‘ಮೊಲೊಕೊ’, ಅನ್ನುವುದು ‘ಮಲಕೋ’. ಒತ್ತು ಬೀಳದ ಒಕಾರ ಅಕಾರವಾಗುತ್ತದೆ, ಒತ್ತು ಎಲ್ಲಿ ಎಂದು ಪತ್ರಿಕೆ, ಪುಸ್ತಕಗಳಲ್ಲಿ ಮುದ್ರಿಸುವುದಿಲ್ಲ. ಆದ್ದರಿಂದ ಪ್ರತಿ ಹೊಸ ಪದವನ್ನೂ ಒತ್ತಿನ ಗುರುತಿನೊಂದಿಗೇ ನೋಟ್‌ಬುಕ್‌ಗೆ ಇಳಿಸಿ. ಎರಡನೆಯದು ಕೂಡಕ್ಷರ, ಅಂದರೆ ಅಕ್ಷರಗಳನ್ನು ಕೂಡಿಸಿ ಬರೆಯುವ ಕೈಬರಹ. 33 ಅಕ್ಷರಗಳ ಮುದ್ರಿತ ರೂಪ ಒಂದು ವಾರದ ಮಾತು. ಕೈಬರಹದಲ್ಲಿ ಮಾತ್ರ ‘ತ’ ಇಂಗ್ಲಿಷಿನ ಎಮ್‌ನಂತೆ, ‘ದ’ ಜಿಯಂತೆ ಕಾಣುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವುದು, ಪತ್ರಾಗಾರದ ಹಳೆಯ ಕಡತಗಳಲ್ಲಿರುವುದು ಈ ಕೈಬರಹವೇ. ಮೊಬೈಲ್ ಆ್ಯಪ್‌ಗಳು ಇದನ್ನು ಕಲಿಸುವುದಿಲ್ಲ.

ಎಲ್ಲಿ ಓದಬೇಕು? ಬೆಂಗಳೂರಿನತ್ತ ನೋಡಬೇಡಿ, ನಿಮಗೆ ಹೈದರಾಬಾದೇ ಹತ್ತಿರ. ಅಲ್ಲಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲು, ರಷ್ಯನ್‌ನಲ್ಲಿ ಬಿ.ಎ.ಯಿಂದ ಪಿಎಚ್.ಡಿ.ವರೆಗೆ ಕಲಿಸುತ್ತದೆ. ದೆಹಲಿಯ ಜೆಎನ್‌ಯುನಲ್ಲಿ ಎರಡು ಬೇರೆ ಬೇರೆ ಕೇಂದ್ರಗಳಿವೆ, ಅರ್ಜಿ ಹಾಕುವವರು ಇದರಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಅಲ್ಲಿ ‘ಶಾಲೆ’ ಎಂದರೆ ಹಲವು ಕೇಂದ್ರಗಳ ಗುಂಪು. ಭಾಷಾ ಶಾಲೆಯಲ್ಲಿರುವುದು ರಷ್ಯನ್ ಅಧ್ಯಯನ ಕೇಂದ್ರ; ಅದರ ಮೂಲ 1965ರ ರಷ್ಯನ್ ಅಧ್ಯಯನ ಸಂಸ್ಥೆ. ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿರುವುದು ರಷ್ಯನ್ ಮತ್ತು ಮಧ್ಯ ಏಷ್ಯಾ ಅಧ್ಯಯನ ಕೇಂದ್ರ. ನಿಮಗೆ ಬೇಕಾದ್ದು ಎರಡನೆಯದು. ಸಿಯುಇಟಿ-ಪಿಜಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದು ಆ ಶಾಲೆಯ ಎಂ.ಎ.ಗೆ ಸೇರಿ, ಪಿಎಚ್.ಡಿ.ಗೆ ಆ ಕೇಂದ್ರಕ್ಕೆ ಹೋಗುವುದು ನೇರ ದಾರಿ. ದೆಹಲಿ ವಿಶ್ವವಿದ್ಯಾಲಯದ ಸ್ಲಾವೋನಿಕ್ ಮತ್ತು ಫಿನ್ನೊ-ಉಗ್ರಿಯನ್ ವಿಭಾಗದಲ್ಲಿ ರಷ್ಯನ್ ಜೊತೆ ಪೋಲಿಷ್, ಚೆಕ್, ಬಲ್ಗೇರಿಯನ್‌ಗಳ ಸರ್ಟಿಫಿಕೇಟ್, ಡಿಪ್ಲೊಮಾಗಳೂ ಇವೆ, ಜೆಎನ್‌ಯುನಲ್ಲಿ ಎಂ.ಎ. ಮಾಡುತ್ತ ಇವನ್ನು ನೋಡಬಹುದು. ಮಧ್ಯ ಏಷ್ಯಾವೇ ಮುಖ್ಯ ಎಂದಾದರೆ ಮುಂಬೈ ವಿಶ್ವವಿದ್ಯಾಲಯದ ಮಧ್ಯ ಯುರೇಷಿಯನ್ ಅಧ್ಯಯನ ಕೇಂದ್ರ, ಶ್ರೀನಗರದ ಕಾಶ್ಮೀರ ವಿಶ್ವವಿದ್ಯಾಲಯದ ಮಧ್ಯ ಏಷ್ಯಾ ಅಧ್ಯಯನ ಕೇಂದ್ರ ಇವೆ.

ಹಣದ ಮಾತಿಗೆ ಬಂದರೆ ಎನ್‌ಇಟಿ, ಅಂದರೆ ಅಧ್ಯಾಪಕ ಅರ್ಹತೆಗೂ ಸಂಶೋಧನಾ ಫೆಲೋಶಿಪ್‌ಗೂ ಇರುವ ರಾಷ್ಟ್ರೀಯ ಪರೀಕ್ಷೆ. ಇದರಲ್ಲಿ ರಷ್ಯನ್ ಒಂದು ವಿಷಯ, ‘ಅಂತರರಾಷ್ಟ್ರೀಯ ಮತ್ತು ಪ್ರದೇಶ ಅಧ್ಯಯನ’ ಇನ್ನೊಂದು, ನಿಮ್ಮದು ಎರಡನೆಯದು. ಜೆಆರ್‌ಎಫ್ ಎಂಬ ಆ ಫೆಲೋಶಿಪ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆಬಾಡಿಗೆ ಭತ್ಯೆ. ಬಿ.ಎಡ್. ಮಾಡು ಎನ್ನುವ ಮನೆಯವರ ಮುಂದೆ ಇಡಬಹುದಾದ ಅಂಕಿ ಇದು. ಆದರೆ ವಯೋಮಿತಿ ಮರೆಯಬೇಡಿ: ಸಾಮಾನ್ಯ ವರ್ಗದವರಿಗೆ 30, ಮೀಸಲಾತಿ ವರ್ಗಗಳಿಗೂ ಮಹಿಳೆಯರಿಗೂ ಸಡಿಲಿಕೆಯಿದೆ.

ವಿದೇಶದ ಆಸೆಯಿದ್ದರೆ ಒಂದು ಎಚ್ಚರಿಕೆ. ಅಮೆರಿಕದ ಜಾಲತಾಣಗಳಲ್ಲಿ ಫ್ಲಾಸ್, ಟೈಟಲ್ ಏಯ್ಟ್ ಎಂಬ ಫೆಲೋಶಿಪ್‌ಗಳ ವಿವರ ಓದಿ ನಮ್ಮವರು ತಿಂಗಳುಗಟ್ಟಲೆ ಅರ್ಜಿ ತಯಾರಿಸುತ್ತಾರೆ. ಅವು ಆ ದೇಶದವರಿಗೇ ಮೀಸಲು. ಭಾರತೀಯರು ಅಲ್ಲಿಗೆ ಹೋಗುವ ದಾರಿ ಎಂದರೆ ಪಾಠ ಹೇಳುತ್ತ ಸ್ಟೈಪೆಂಡ್ ಪಡೆಯುವ ಪಿಎಚ್.ಡಿ. ಸೀಟು, ಇಲ್ಲವೇ ಫುಲ್‌ಬ್ರೈಟ್-ನೆಹರು ಫೆಲೋಶಿಪ್. ಯೂರೋಪಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಮುಂದಾಳತ್ವದ ಎರಡು ವರ್ಷದ ಎರಾಸ್ಮಸ್ ಮುಂಡುಸ್ (ಯೂರೋಪಿಯನ್ ಒಕ್ಕೂಟದ ನೆರವಿನ) ಎಂ.ಎ. ನಿಮ್ಮ ವಿಷಯಕ್ಕೆ ಹೇಳಿ ಮಾಡಿಸಿದ್ದು. ಎರಾಸ್ಮಸ್ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೋ. ಕಜಾಕಸ್ತಾನದ ಅಸ್ತಾನಾದಲ್ಲಿರುವ ನಜರ್ಬಾಯೆವ್ ವಿಶ್ವವಿದ್ಯಾಲಯ ಇಂಗ್ಲಿಷ್ ಮಾಧ್ಯಮದಲ್ಲೇ ಯುರೇಷಿಯನ್ ಅಧ್ಯಯನದ ಎಂ.ಎ. ಕಲಿಸುತ್ತದೆ. ಕಿಟಕಿಯಾಚೆ ರಷ್ಯನ್ ಮತ್ತು ಕಜಾಕ್ ಎರಡೂ ಕೇಳಿಸುವ ಊರು ಅದು. 2022ರ ನಂತರ ಅಮೆರಿಕನ್ನರೇ ತಮ್ಮ ರಷ್ಯನ್ ಭಾಷಾ ತರಬೇತಿಯನ್ನು ಮಾಸ್ಕೋ, ಪೀಟರ್ಸ್‌ಬರ್ಗ್‌ಗಳಿಂದ ಕಜಾಕಸ್ತಾನದ ಅಲ್ಮಾಟಿ, ಜಾರ್ಜಿಯಾದ ತ್ಬಿಲಿಸಿ, ಕಿರ್ಗಿಸ್ತಾನದ ಬಿಷ್ಕೆಕ್‌ಗಳಿಗೆ ಸಾಗಿಸಿದ್ದಾರೆ.

ಯುದ್ಧದ ಪ್ರಶ್ನೆಗೆ ಉತ್ತರ ಇಲ್ಲೇ ಶುರುವಾಗುತ್ತದೆ. ಅಮೆರಿಕದ ದೊಡ್ಡ ಸ್ಲಾವಿಕ್ ಅಧ್ಯಯನ ಸಂಘದ 2023ರ ಸಮಾವೇಶದ ವಿಷಯವೇ ವಸಾಹತು ದೃಷ್ಟಿಯಿಂದ ಬಿಡುಗಡೆ. ಉಕ್ರೇನ್, ಜಾರ್ಜಿಯಾ, ಉಜ್ಬೇಕಿಸ್ತಾನಗಳನ್ನು ಮಾಸ್ಕೋದ ಕಿಟಕಿಯಿಂದ ನೋಡಿದ್ದು ಸಾಕು ಎಂಬ ವಾದ ಈಗ ಬಲವಾಗಿದೆ, ಮತ್ತು ಆ ವಾದದಲ್ಲಿ ಹುರುಳಿದೆ. ಹಾಗೆಂದು ರಷ್ಯನ್ ಬಿಟ್ಟು ಮುಂದೆ ಹೋಗಲಾಗದು. ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟಿನ ಸೋವಿಯತ್ ಕಾಲದ ಕಡತಗಳಲ್ಲಿ ರಷ್ಯನ್ ಇಲ್ಲದೆ ಹೆಜ್ಜೆ ಇಡಲಾಗದು. ಪಾಶ್ಚಾತ್ಯ ಸಂಶೋಧಕರಿಗೆ ರಷ್ಯಾದ ಪತ್ರಾಗಾರಗಳು ಕಷ್ಟವಾಗಿರುವ ಈ ಹೊತ್ತಿನಲ್ಲಿ ಭಾರತೀಯ ಪಾಸ್‌ಪೋರ್ಟಿಗೆ ತುಸು ಸಲೀಸು. ಆದರೂ ಸೈನ್ಯ, ಗಡಿ, ಹಾಲಿ ರಾಜಕಾರಣದ ವಿಷಯವನ್ನು ಮೊದಲ ಸಂಶೋಧನೆಗೆ ಎತ್ತಿಕೊಂಡು ಅಲ್ಲಿಗೆ ಹೋಗಬೇಡಿ. ರಷ್ಯನ್ ಜೊತೆ ಉಜ್ಬೆಕ್ ಅಥವಾ ತಾಜಿಕ್ ಸೇರಿಸಿ. ತಾಜಿಕ್ ಎಂದರೆ ಸಿರಿಲಿಕ್, ಅಂದರೆ ರಷ್ಯನ್ನರ ಬಗೆಯ ಲಿಪಿ ತೊಟ್ಟ ಪಾರ್ಸಿ (ಪರ್ಷಿಯನ್). ಓಣಿಯಲ್ಲಿ ದಖನಿ ಆಡುವ ನಿಮಗೆ ಕಿತಾಬ್, ದೋಸ್ತ್, ಬಾಜಾರ್‌ಗಳನ್ನು ಯಾರೂ ಕಲಿಸಬೇಕಿಲ್ಲ.

ವಿಷಯ ಬೇಕೆಂದರೆ ಊರಲ್ಲೇ ಇದೆ. ತ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ 15ನೇ ಶತಮಾನದ ಎಪ್ಪತ್ತರ ಆಸುಪಾಸು ಕುದುರೆಯೊಂದನ್ನು ಮಾರಲು ತಂದು ಬಹಮನಿಗಳ ಬೀದರ್‌ನಲ್ಲಿ ಉಳಿದಿದ್ದ. ಸುಲ್ತಾನನ ಮೆರವಣಿಗೆಯನ್ನೂ ಆಳಂದದ ಜಾತ್ರೆಯ ಕುದುರೆ ವ್ಯಾಪಾರವನ್ನೂ ಬರೆದಿಟ್ಟ. ಅವನ ಬರಹ ಹಳೆಯ ರಷ್ಯನ್. ನಡುನಡುವೆ ತುರ್ಕಿ, ಪಾರ್ಸಿ, ಅರಬ್ಬಿ ಬೆರೆತ ವಾಕ್ಯಗಳು ನುಗ್ಗುತ್ತವೆ, ಪ್ರಾರ್ಥನೆಗಳೂ ಹಾಗೇ. ಬೀದರಿನ ಕೋಟೆ, ಶಾಸನ, ಪಾರ್ಸಿ ದಾಖಲೆಗಳನ್ನು ಪಕ್ಕಕ್ಕಿಟ್ಟುಕೊಂಡು ಇದನ್ನು ಮೂಲದಲ್ಲಿ ಓದಬಲ್ಲ ಬೀದರಿನವರೊಬ್ಬರ ಪ್ರಬಂಧಕ್ಕೆ ಯಾವ ವಿಶ್ವವಿದ್ಯಾಲಯವಾದರೂ ಕಿವಿಗೊಡುತ್ತದೆ. ಆ ಕಡೆಯವರು ನಮ್ಮ ಭಾಷೆಗೆ ಕೈಹಾಕಿ ಬಹಳ ಕಾಲವಾಯಿತು: ಸೋವಿಯತ್ ಭಾಷಾವಿಜ್ಞಾನಿ ಆಂದ್ರೋನೊವ್ ಅವರ ಕನ್ನಡ ವ್ಯಾಕರಣ ಮಾಸ್ಕೋದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿದ್ದು 1969ರಲ್ಲಿ.

ಕೆಲಸ. ಪ್ರಾಧ್ಯಾಪಕ ಹುದ್ದೆ ಕಡಿಮೆ, ಅದನ್ನೊಂದೇ ನಂಬಿ ಕೂರಬೇಡಿ. ಸರ್ಕಾರದಲ್ಲಿ ವಿದೇಶಾಂಗ ಸಚಿವಾಲಯದ ದುಭಾಷಿ ಹುದ್ದೆಗಳಿವೆ, ಅಪರೂಪಕ್ಕೆ ಕರೆಯುತ್ತಾರೆ. ವಿದೇಶಾಂಗ ಸೇವೆಗೆ ಆಯ್ಕೆಯಾದವರಿಗೆ ಭಾಷೆಯನ್ನು ಆಮೇಲೆ ಕಲಿಸುತ್ತಾರೆ. ಯುಪಿಎಸ್‌ಸಿ ಐಚ್ಛಿಕ ವಿಷಯಗಳಿಂದ ರಷ್ಯನ್ ಸಾಹಿತ್ಯವನ್ನು 2013ರಲ್ಲೇ ತೆಗೆದಿದ್ದಾರೆ, ಹಳೆಯ ಗೈಡ್ ನೋಡಿ ಮೋಸಹೋಗಬೇಡಿ. ಸುಖೋಯ್-30 ಯುದ್ಧವಿಮಾನ ಜೋಡಿಸಿದ ಎಚ್‌ಎಎಲ್‌ನ ನಾಸಿಕ ಘಟಕ, ಹೈದರಾಬಾದಿನ ಬ್ರಹ್ಮೋಸ್ ಕ್ಷಿಪಣಿ ಘಟಕ, ಕೂಡಂಕುಳಂ ಅಣು ಸ್ಥಾವರ, ಈ ಬಗೆಯ ಕಡೆ ರಷ್ಯನ್ ಕೈಪಿಡಿ, ನಕ್ಷೆ, ಒಪ್ಪಂದಗಳ ಅನುವಾದಕ್ಕೆ ಜನ ಬೇಕು. ಅಲ್ಲಿ ಬೇಕಾದ್ದು ಕಾದಂಬರಿಯ ರಷ್ಯನ್ ಅಲ್ಲ. ಕವಾಟ, ಬೇರಿಂಗ್, ಗ್ಯಾರಂಟಿ ಅವಧಿ ಎಂಬುದಕ್ಕೆ ಅವರ ಪದ ಗೊತ್ತಿರಬೇಕು. ಖಾಸಗಿಯಲ್ಲಿ ಬೆಂಗಳೂರು, ಹೈದರಾಬಾದುಗಳ ಕಂಪನಿಗಳು ಸೈಬರ್ ಭದ್ರತೆಗೆ, ಸಾಫ್ಟ್‌ವೇರ್ ಸ್ಥಳೀಕರಣಕ್ಕೆ, ನಿರ್ಬಂಧಕ್ಕೊಳಗಾದ ಸಂಸ್ಥೆಗಳ ಮಾಲೀಕತ್ವ ತಪಾಸಣೆಗೆ ರಷ್ಯನ್ ಓದಬಲ್ಲವರನ್ನು ತೆಗೆದುಕೊಳ್ಳುತ್ತವೆ. ಈ ಕೊನೆಯ ಕೆಲಸಕ್ಕೆ ಅರ್ಥಶಾಸ್ತ್ರ ಓದಿದ ನೀವು ಸರಿಯಾದ ಆಳು. ಉಜ್ಬೇಕಿಸ್ತಾನ, ಕಜಾಕಸ್ತಾನಗಳಿಂದ ಬರುವ ರೋಗಿಗಳಿಗೆ ಆಸ್ಪತ್ರೆಗಳು ದುಭಾಷಿಗಳನ್ನು ಇಟ್ಟುಕೊಳ್ಳುತ್ತವೆ. ದಿನಗೂಲಿ ಲೆಕ್ಕವೇ ಹೆಚ್ಚು, ಓದುವಾಗ ಕೈಖರ್ಚಿಗೆ ಆದೀತು.

ಈ ತಿಂಗಳೇ ಮಾಡಬೇಕಾದ ಒಂದು ಕೆಲಸವಿದೆ. ನಿಮ್ಮ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಜೊತೆ, ಆಧಾರ್‌ನಲ್ಲಿ ಅಪ್ಪನ ಹೆಸರು ಬಿಡಿಸಿ, ಪದವಿ ಕಾಗದದಲ್ಲಿ ಮನೆತನದ ಹೆಸರಿನೊಂದಿಗೆ ಇರಬಹುದು. ನಮ್ಮ ಕಡೆ ಇದು ಸಾಮಾನ್ಯ. ವಿದೇಶಿ ಅರ್ಜಿಯಲ್ಲಿ ಎಲ್ಲವೂ ಪಾಸ್‌ಪೋರ್ಟಿಗೆ ಅಕ್ಷರಶಃ ಹೊಂದಬೇಕು, ರಷ್ಯಾಕ್ಕಾದರೆ ಸಿರಿಲಿಕ್ ಅನುವಾದದಲ್ಲೂ ಪ್ರತಿ ಕಾಗದದಲ್ಲಿ ಒಂದೇ ಕಾಗುಣಿತ ಇರಬೇಕು. ಒಂದು ಕಡೆ ಒಂದಕ್ಷರ ತಪ್ಪಿದರೆ ವೀಸಾ ಆಹ್ವಾನ ಪತ್ರ ವಾಪಸು ಹೋಗಿ ಇಡೀ ಸೆಮಿಸ್ಟರ್ ತಪ್ಪಬಹುದು. ಪಾಸ್‌ಪೋರ್ಟನ್ನು ಅಂಕಪಟ್ಟಿಗೆ ಹೊಂದಿಸಿ ಮಾಡಿಸಿ, ಗಿವನ್ ನೇಮ್, ಸರ್‌ನೇಮ್ ಎರಡೂ ಜಾಗ ತುಂಬಿಸಿ. ಆಮೇಲೆ ಅನುವಾದಕರಿಗೆ ನಿಮ್ಮ ಹೆಸರಿನ ಸಿರಿಲಿಕ್ ರೂಪವನ್ನು ನೀವೇ ಚೀಟಿಯಲ್ಲಿ ಬರೆದು ಕೊಡಿ.

— ಸಂಪಾದಕ