ಬ್ರೀಡ್ ಎಂಬ ಹೆಸರಿನ ಹಿಂದೆ

ಶಿವಮೊಗ್ಗದ ಓದುಗರಿಗೆ ನಮಸ್ಕಾರ. ಐರ್ಲೆಂಡಿನ ಡಬ್ಲಿನ್ನಿನಲ್ಲಿ ನರ್ಸ್ ಆಗಿರುವ ನಿಮ್ಮ ಮಗಳ ಮೇಲಧಿಕಾರಿಯ ಹೆಸರು ಬ್ರೀಡ್. ಅದಕ್ಕೆ ಒಬ್ಬರು ‘ಮದುಮಗಳು’ ಎಂದರು, ಹೆಸರಿನ ಪುಸ್ತಕವೊಂದು ‘ಬೆಂಕಿಯ ಬಾಣ’ ಎಂದಿತು, ಯಾವುದು ಸರಿ ಎಂದು ಕೇಳಿದ್ದೀರಿ.

ಎರಡೂ ಅಲ್ಲ. ಇಂಗ್ಲಿಷಿನ ‘ಬ್ರೈಡ್’ಗೂ ಇದಕ್ಕೂ ನಂಟಿಲ್ಲ. ‘ಬೆಂಕಿಯ ಬಾಣ’ ಮಾತ್ರ ಸಾವಿರ ವರ್ಷದಷ್ಟು ಹಳೆಯ ಊಹೆ. ಕ್ರಿ.ಶ. 900ರ ಸುಮಾರಿನದೆನ್ನಲಾದ ‘ಕಾರ್ಮಕ್‌ನ ನಿಘಂಟು’ ಎಂಬ ಹಳೆಯ ಐರಿಷ್ ಪದಕೋಶ ಹೆಸರನ್ನು ಎರಡಾಗಿ ಸೀಳಿ ಹಾಗೆ ಅರ್ಥ ಹಚ್ಚಿತ್ತು. ಭಾಷಾಶಾಸ್ತ್ರಜ್ಞರು ಒಪ್ಪುವ ಮೂಲ ಐರಿಷ್‌ನ ಪೂರ್ವಜ ಭಾಷೆಯಾದ ಪ್ರಾಚೀನ ಕೆಲ್ಟಿಕ್‌ನ ‘ಬ್ರಿಗಂತೀ’, ಅಂದರೆ ಉನ್ನತಳು. ಸಂಸ್ಕೃತದ ‘ಬೃಹತೀ’ ಇದರ ಒಡಹುಟ್ಟು. ಇಲ್ಲಿಂದ ಅಲ್ಲಿಗೆ ಹೋದದ್ದೆಂದು ಹೆಮ್ಮೆಪಡಬೇಡಿ; ಎರಡೂ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ಚಿಗುರಿದವು.

ಬ್ರೀಡ್ ಎಂಬುದು ಬ್ರಿಗಿತ್ ಎಂಬ ಹಳೆಯ ಹೆಸರಿನ ಇಂದಿನ ಐರಿಷ್ ರೂಪ. ಅದೇ ನಿಘಂಟಿನ ಪ್ರಕಾರ ಬ್ರಿಗಿತ್ ಕವಿಗಳ ಆರಾಧ್ಯ ದೇವತೆ. ವೈದ್ಯ ಮತ್ತು ಕಮ್ಮಾರಿಕೆಯ ದೇವತೆಗಳಾದ ಅವಳ ಇಬ್ಬರು ಸಹೋದರಿಯರ ಹೆಸರೂ ಬ್ರಿಗಿತ್. ಕಿಲ್ಡೇರ್‌ನಲ್ಲಿ ಮಠ ಕಟ್ಟಿದ ಕ್ರೈಸ್ತ ಸಂತಳಿಗೂ ಇದೇ ಹೆಸರು. ಅವಳ ಹಬ್ಬ ಫೆಬ್ರವರಿ 1, ವಸಂತಾರಂಭದ ಹಳೆಯ ಇಂಬೋಲ್ಕ್ ಹಬ್ಬದ ದಿನವೇ. ಆಗ ಹಸಿ ಜೊಂಡು ಕೊಯ್ದು ತಂದು, ಒಂದೊಂದೇ ಕಡ್ಡಿಯನ್ನು ನಡುವೆ ಮಡಚಿ, ಒಂದರ ಮೇಲೊಂದು ಹೊಂದಿಸಿ, ನಾಲ್ಕು ತುದಿಗಳನ್ನೂ ಬಿಗಿದು ಶಿಲುಬೆ ಹೆಣೆಯುತ್ತಾರೆ. ಮನೆಗೆ ಬೆಂಕಿ ತಗಲದಿರಲಿ ಎಂದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ.

ನನ್ನ ಮನಸ್ಸು ಕಲಕುವುದು ಈ ಹೆಸರಿನ ಏಳುಬೀಳು. ಮಧ್ಯಯುಗದ ಐರ್ಲೆಂಡಿನಲ್ಲಿ ಭಕ್ತಿಯ ಅಳುಕಿನಿಂದ ಹೆಣ್ಣುಮಕ್ಕಳಿಗೆ ಇದನ್ನು ಇಡುತ್ತಿದ್ದುದೇ ಅಪರೂಪ. ಗಂಡಸರು ನಮ್ಮ ರಾಮದಾಸನ ಹಾಗೆ ‘ಮೈಲ್ ಬ್ರಿಗ್ತೆ’, ಬ್ರಿಗಿತಳಿಗಾಗಿ ತಲೆ ಬೋಳಿಸಿಕೊಂಡವನು, ಎನಿಸಿಕೊಳ್ಳುತ್ತಿದ್ದರು. ಮುಂದೆ ಬ್ರಿಜೆಟ್ ಎಂಬ ಇಂಗ್ಲಿಷ್ ರೂಪದಲ್ಲಿ ಮನೆಮನೆಯ ಹೆಸರಾಯಿತು. 19ನೇ ಶತಮಾನದಲ್ಲಿ ಹಸಿವಿನಿಂದ ಅಮೆರಿಕಕ್ಕೆ ಹೋಗಿ ಮನೆಗೆಲಸಕ್ಕೆ ನಿಂತ ಐರಿಷ್ ಹುಡುಗಿಯರನ್ನೆಲ್ಲ ಅಲ್ಲಿನ ಯಜಮಾನರು ‘ಬ್ರಿಜೆಟ್’ ಅಥವಾ ಅದರ ಮೊಟಕು ರೂಪವಾದ ‘ಬಿಡ್ಡಿ’ ಎಂದೇ ಕರೆದರು. ಸ್ವಂತ ಹೆಸರು ಏನಿದ್ದರೂ ಸರಿ! ದೇವತೆಯ ಹೆಸರು ಹೀಗೆ ಆಳಿನ ಹೆಸರಾಯಿತು. ಎಷ್ಟೋ ಬ್ರಿಜೆಟ್‌ಗಳು ಆ ಹೆಸರನ್ನೇ ಬಿಟ್ಟು ಬೇರೆ ಇಟ್ಟುಕೊಂಡರು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

2023ರಿಂದ ಐರ್ಲೆಂಡಿನಲ್ಲಿ ಈ ಹಬ್ಬಕ್ಕೆ ಸಾರ್ವತ್ರಿಕ ರಜೆಯಿದೆ. ಮಹಿಳೆಯೊಬ್ಬಳ ಹೆಸರಿನಲ್ಲಿ ಆ ದೇಶ ಕೊಟ್ಟ ಮೊದಲ ರಜೆ ಅದು. ಬಹಳ ತಡವಾಗಿಯಾದರೂ ಸಂದ ಗೌರವ ಎಂದೇ ಭಾವಿಸುತ್ತೇನೆ.

ಇನ್ನು ಉಚ್ಚಾರ: ‘ಬ್ರೀ’ ದೀರ್ಘ. ಕೊನೆಯ ಅಕ್ಷರ ಉತ್ತರದ ಕಡೆಯವರ ಬಾಯಲ್ಲಿ ‘ಜ್’ಗೆ ಹತ್ತಿರವಾಗುತ್ತದೆ. ಆ ಅಧಿಕಾರಿ ಯಾವ ಕಡೆಯವರೆಂದು ನಿಮ್ಮ ಮಗಳೇ ಕೇಳಿ ತಿಳಿಯಲಿ.

— ಸಂಪಾದಕ