ಚಾಲಕರಿಲ್ಲದ ಕಾರು ನಿಯಮ ಮುರಿದರೆ ಅಮೆರಿಕದಲ್ಲಿ ದಂಡ ಯಾರಿಗೆ?

ಚಾಲಕರಿಲ್ಲದ ಕಾರುಗಳಿಗೆ ಇಡೀ ಅಮೆರಿಕಕ್ಕೆ ಅನ್ವಯಿಸುವ ಒಂದೇ ಕಾನೂನು ಇದೆಯೇ, ಅಂಥ ಕಾರು ಸಂಚಾರ ನಿಯಮ ಮುರಿದರೆ ದಂಡ ಕಟ್ಟುವವರು ಯಾರು, ಮಗನ ಟೆಸ್ಲಾ ಕಾರಿಗೂ ಇದು ಅನ್ವಯಿಸುತ್ತದೆಯೇ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಚಿಕ್ಕದು: ಇಲ್ಲ. ವಾಹನದ ಬ್ರೇಕು, ದೀಪ, ಏರ್‌ಬ್ಯಾಗುಗಳು ಹೇಗಿರಬೇಕೆಂದು ಒಕ್ಕೂಟ ಸರ್ಕಾರ ನಿಗದಿಪಡಿಸುತ್ತದೆ. ನೋಂದಣಿ, ಚಾಲನಾ ಪರವಾನಗಿ, ವಿಮೆ, ಸಂಚಾರ ನಿಯಮಗಳೆಲ್ಲ ರಾಜ್ಯಗಳ ಅಧೀನದಲ್ಲಿವೆ. ದೇಶಕ್ಕೆಲ್ಲ ಒಂದೇ ಚೌಕಟ್ಟು ರೂಪಿಸಲು 2017ರಲ್ಲಿ ಕೆಳಮನೆ ಒಪ್ಪಿದ ಮಸೂದೆ ಮೇಲ್ಮನೆಯಾದ ಸೆನೆಟ್ ದಾಟಲಿಲ್ಲ. ಹೀಗಾಗಿ ರಾಜ್ಯದ ಗಡಿ ದಾಟಿದರೆ ಕಾರು ಅದೇ ಆದರೂ ಕಾನೂನು ಬೇರೆಯಾಗುತ್ತದೆ.

ಇಂಥ ಕಾನೂನನ್ನು ಮೊದಲು ಮಾಡಿದ್ದು ನೆವಾಡ, 2011ರಲ್ಲಿ. ಮರುವರ್ಷ ಅಲ್ಲಿ ಗೂಗಲ್‌ನ ಪ್ರಿಯಸ್ ಕಾರಿಗೆ ಅನಂತದ ಚಿಹ್ನೆಯಿದ್ದ ಕೆಂಪು ನಂಬರ್ ಪ್ಲೇಟ್ ಸಿಕ್ಕಿತು. 2012ರಲ್ಲೇ ಕ್ಯಾಲಿಫೋರ್ನಿಯಾ ಕೂಡ ಶಾಸನ ಮಾಡಿತು. ಆದರೆ ಕಾರಿನೊಳಗೆ ಯಾರೂ ಇಲ್ಲದೆ ಪರೀಕ್ಷೆ ನಡೆಸಲು ಅವಕಾಶ ಕೊಡುವ ನಿಯಮಗಳು ಜಾರಿಗೆ ಬಂದದ್ದು 2018ರ ಏಪ್ರಿಲ್‌ನಲ್ಲಿ.

ಕ್ಯಾಲಿಫೋರ್ನಿಯಾದ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ಕಂಪನಿ ರಸ್ತೆಗಿಳಿಯಲು ಮೋಟಾರು ವಾಹನ ಇಲಾಖೆಯ ಅನುಮತಿ ಪಡೆಯಬೇಕು, 50 ಲಕ್ಷ ಡಾಲರ್‌ಗಳ ವಿಮೆ ಅಥವಾ ಅದಕ್ಕೆ ಸಮನಾದ ಭದ್ರತೆ ತೋರಿಸಬೇಕು. ಪ್ರಯಾಣಿಕರಿಂದ ಬಾಡಿಗೆ ಪಡೆಯಬೇಕಾದರೆ ಸಾರ್ವಜನಿಕ ಸೇವೆಗಳನ್ನು ನಿಯಂತ್ರಿಸುವ ಪಬ್ಲಿಕ್ ಯುಟಿಲಿಟೀಸ್ ಕಮಿಷನ್‌ನ ಪ್ರತ್ಯೇಕ ಪರ್ಮಿಟ್ ಬೇಕು. ಈ ಅನುಮತಿ ಪದ್ಧತಿ ಬರೀ ಕಾಗದದ ಮೇಲಿನದಲ್ಲ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇರೊಂದು ಕಾರು ಗುದ್ದಿದ ಪಾದಚಾರಿ ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಆ ಕಾರು ಅವರಿಗೆ ಡಿಕ್ಕಿ ಹೊಡೆದು ನಿಂತಿತು, ಆಮೇಲೆ ರಸ್ತೆಯ ಬದಿಗೆ ಸರಿಯಲು ಹೋಗಿ ಅವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಅದೇ ತಿಂಗಳ 24ರಂದು ಇಲಾಖೆ ಕ್ರೂಸ್‌ನ ಅನುಮತಿಯನ್ನು ಅಮಾನತುಗೊಳಿಸಿತು. ಮುಂದಿನ ವರ್ಷದ ಕೊನೆಯಲ್ಲಿ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ವ್ಯವಹಾರವನ್ನೇ ಕೈಬಿಟ್ಟಿತು.

ಇಷ್ಟು ಬಿಗಿಯಾದ ರಾಜ್ಯದಲ್ಲಿ ಒಂದು ಸಾಧಾರಣ ಚಲನ್ ಕೊಡಲು ಮಾತ್ರ ದಾರಿ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಬ್ರೂನೊ ಪೊಲೀಸರು ಕುಡಿದು ವಾಹನ ಓಡಿಸುವವರ ತಪಾಸಣೆಯಲ್ಲಿದ್ದಾಗ, ಅವರ ಕಣ್ಣೆದುರಿಗೇ, ಚಾಲಕರಿಲ್ಲದ ಟ್ಯಾಕ್ಸಿ ಓಡಿಸುವ ವೇಮೊ ಕಂಪನಿಯ ಕಾರೊಂದು ನಿಷೇಧವಿದ್ದ ಕಡೆ ಯು-ಟರ್ನ್ ತೆಗೆದುಕೊಂಡಿತು. ತಡೆದು ನೋಡಿದರೆ ಒಳಗೆ ಯಾರೂ ಇಲ್ಲ. ಚಲನ್ ಬರೆಯಲು ಚಾಲಕನೇ ಇಲ್ಲದ್ದರಿಂದ ಕಂಪನಿಗೆ ವಿಷಯ ತಿಳಿಸಿ ಕಾರನ್ನು ಬಿಟ್ಟುಕೊಟ್ಟರು. ವಾಹನ ನಿಲುಗಡೆಯ ದಂಡಕ್ಕೆ ಈ ತೊಡಕಿಲ್ಲ, ಏಕೆಂದರೆ ಅದು ವಾಹನದ ಮಾಲೀಕರ ಹೆಸರಿಗೆ ಹೋಗುತ್ತದೆ. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಂದರಲ್ಲೇ ವೇಮೊ ಕಾರುಗಳಿಗೆ ಅಂಥ 589 ಚೀಟಿಗಳು ಬಿದ್ದಿದ್ದವು. ಚಾಲನೆಯ ತಪ್ಪುಗಳ ವಿಷಯದಲ್ಲಿದ್ದ ಕೊರತೆಯನ್ನು ತುಂಬಲು 2024ರಲ್ಲಿ ಅಂಗೀಕರಿಸಿ, 2026ರ ಜುಲೈ 1ರಿಂದ ಜಾರಿಗೆ ಬರುವಂತೆ ರೂಪಿಸಿದ ಕಾನೂನು, ಪೊಲೀಸರು ಕಂಪನಿಗೇ ಉಲ್ಲಂಘನೆಯ ನೋಟಿಸ್ ಕೊಡಲು ಅವಕಾಶ ಕಲ್ಪಿಸುತ್ತದೆ. ಆದರೆ ಅದರಲ್ಲಿ ದಂಡದ ಮೊತ್ತವನ್ನು ಹೇಳಿಲ್ಲ. ಮುಂದಿನ ಕ್ರಮ ಇಲಾಖೆಗೆ ಬಿಟ್ಟದ್ದು. ನನಗೆ ಇದು ಅರ್ಧ ಪರಿಹಾರವಾಗಿಯೇ ಕಾಣುತ್ತದೆ.

ಟೆಕ್ಸಾಸ್ ಈ ಪ್ರಶ್ನೆಯನ್ನು 2017ರಲ್ಲೇ ನೇರವಾಗಿ ಬಗೆಹರಿಸಿತು: ಸ್ವಯಂಚಾಲಿತ ವ್ಯವಸ್ಥೆ ಕಾರನ್ನು ಓಡಿಸುತ್ತಿರುವಾಗ, ಸಂಚಾರ ನಿಯಮಗಳ ಮಟ್ಟಿಗೆ ಆ ವ್ಯವಸ್ಥೆಯ ಮಾಲೀಕರೇ ಚಾಲಕರು, ಅವರು ಕಾರಿನಲ್ಲಿರಲಿ ಇಲ್ಲದಿರಲಿ. ಹೊಣೆಯ ಮಟ್ಟಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಆದರೆ ಅದೇ ಕಾನೂನು ನಗರಾಡಳಿತಗಳು ಸ್ವಂತ ನಿಯಮ ಮಾಡದಂತೆ ಕೈ ಕಟ್ಟಿಹಾಕಿತು, ರಾಜ್ಯದ ಮಟ್ಟದಲ್ಲಿಯೂ ವಿಶೇಷ ಅನುಮತಿಯನ್ನು ಕೇಳಲಿಲ್ಲ. ಅನುಮತಿ ಕಡ್ಡಾಯಗೊಳಿಸುವ ಶಾಸನ ಬಂದದ್ದು 2025ರಲ್ಲಿ. ಅರಿಜೋನ 2015ರಿಂದ ರಾಜ್ಯಪಾಲರ ಆದೇಶಗಳ ಮೇಲೆಯೇ ನಡೆದು, 2021ರಲ್ಲಿ ಶಾಸನ ಮಾಡಿತು. ನಡುವೆ, 2018ರ ಮಾರ್ಚ್‌ನಲ್ಲಿ, ಟೆಂಪಿ ನಗರದಲ್ಲಿ ಊಬರ್‌ನ ಪರೀಕ್ಷಾ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಮೃತಪಟ್ಟಾಗ, ಕ್ರಿಮಿನಲ್ ಮೊಕದ್ದಮೆ ಎದುರಿಸಿದ್ದು ಕಂಪನಿಯಲ್ಲ, ಮೇಲ್ವಿಚಾರಣೆಗೆಂದು ಸೀಟಿನಲ್ಲಿ ಕೂತಿದ್ದ ಉದ್ಯೋಗಿ.

ನಿಮ್ಮ ಮಗನ ಟೆಸ್ಲಾಗೆ ಈ ಕಾನೂನುಗಳ ಆಸರೆ ಇಲ್ಲ. ಮಾರಾಟವಾಗುವ ಕಾರುಗಳಲ್ಲಿರುವ ಅದರ ‘ಫುಲ್ ಸೆಲ್ಫ್ ಡ್ರೈವಿಂಗ್’ ಚಾಲಕರಿಗೆ ನೆರವಾಗುವ ಎರಡನೇ ಹಂತದ ವ್ಯವಸ್ಥೆ. ಚಾಲಕರು ಸದಾ ರಸ್ತೆಯ ಮೇಲೆ ನಿಗಾ ಇಟ್ಟಿರಬೇಕೆಂದು ಕಂಪನಿಯೇ ಹೇಳುತ್ತದೆ. ಕಾರು ತಾನಾಗಿಯೇ ಕೆಂಪು ದೀಪ ದಾಟಿದರೂ ಚಲನ್ ಬರುವುದು ಸ್ಟೀರಿಂಗ್ ಹಿಂದೆ ಕೂತವರ ಹೆಸರಿಗೆ, ಮತ್ತು ಸಾಫ್ಟ್‌ವೇರ್ ಓಡಿಸುತ್ತಿತ್ತು ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳುವಂತಿಲ್ಲ.