ಸಮಾನಾರ್ಥಕ ಪದವೆಂದು ಬರೆದದ್ದು ತಪ್ಪಾದದ್ದೇಕೆ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪ್ರಥಮ ಪಿಯುಸಿ ವಿದ್ಯಾರ್ಥಿನಿ. ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದಗಳನ್ನು ಸಮಾನಾರ್ಥಕ, ವಿರುದ್ಧಾರ್ಥಕ ಪದಗಳೊಂದಿಗೆ ಬಾಯಿಪಾಠ ಮಾಡುತ್ತೇನೆ. ಊರಿನ ಹಳೆಯ ಸಂಗತಿಗಳನ್ನು ಅಜ್ಜನ ಬಳಿ ಕೇಳಿದೆನೆಂದು ಬರೆಯುವಾಗ ‘ಇಂಟರಾಗೇಟ್’ ಬಳಸಿದ್ದಕ್ಕೆ ಉಪನ್ಯಾಸಕರು ತಪ್ಪು ಹಾಕಿದರು. ನನ್ನ ಪಟ್ಟಿಯಲ್ಲಿ ‘ಆಸ್ಕ್’ ಎದುರಿಗೆ ಅದೇ ಪದವಿದೆ. ತಪ್ಪೇನು?

ಉತ್ತರ: ಪಟ್ಟಿಯಲ್ಲಿರುವುದು ತಪ್ಪಲ್ಲ, ಆದರೆ ಹೇಳಬೇಕಾದ್ದನ್ನು ಅದು ಪೂರ್ತಿಯಾಗಿ ಹೇಳಿಲ್ಲ. ‘ಇಂಟರಾಗೇಟ್’ ಎಂದರೆ ಪೊಲೀಸರು ಆರೋಪಿಯನ್ನು ವಿಚಾರಣೆಗೆ ಒಳಪಡಿಸುವಂತೆ ಪಟ್ಟುಹಿಡಿದು ಪ್ರಶ್ನಿಸುವುದು. ಅಜ್ಜನ ಪಕ್ಕದಲ್ಲಿ ಕುಳಿತು ಊರಿನ ಕಥೆ ಕೇಳುವ ಮೊಮ್ಮಗಳಿಗೆ ಅದು ಹೊಂದುವುದಿಲ್ಲ.

ಇಂಗ್ಲಿಷಿನಲ್ಲಿ ಇಂತಹ ಪದಗಳು ಇಷ್ಟೊಂದು ಇರುವುದಕ್ಕೆ ಇತಿಹಾಸದ ಕಾರಣವಿದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ ಫ್ರೆಂಚ್ ನೆಲೆಯೂರಿತು. ಚರ್ಚಿನ ಹಾಗೂ ವಿದ್ವಾಂಸರ ಭಾಷೆಯಾಗಿ ಲ್ಯಾಟಿನ್ ಅದಕ್ಕೂ ಮೊದಲೇ ಇತ್ತು. ಹೀಗಾಗಿ ‘ಆಸ್ಕ್’ ನೆಲದ ಪದ, ‘ಕ್ವೆಶ್ಚನ್’ ಫ್ರೆಂಚಿನಿಂದ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ ಮೂಲದ್ದು. ರಾಜನಿಗೆ ಸಂಬಂಧಿಸಿದ ‘ಕಿಂಗ್ಲಿ’, ‘ರಾಯಲ್’, ‘ರೀಗಲ್’ ಪದಗಳ ಕಥೆಯೂ ಇದೇ. ಕನ್ನಡಿಗರಿಗೆ ಇದು ಹೊಸದಲ್ಲ: ಅಭಿಷೇಕಕ್ಕೆ ‘ಜಲ’ ಸಲ್ಲುತ್ತದೆ, ಬಾಯಾರಿದವರು ಕೇಳುವುದು ‘ನೀರು’. ‘ಊಟ’ಕ್ಕೆ ಬನ್ನಿ ಎಂದರೆ ಆದರ, ‘ಕೂಳಿ’ಗೆ ಬನ್ನಿ ಎಂದರೆ ಅವಮಾನ. ಕನ್ನಡದಲ್ಲಿ ನೀವು ಸಹಜವಾಗಿ ಪಾಲಿಸುವ ಈ ಎಚ್ಚರವೇ ಇಂಗ್ಲಿಷಿಗೂ ಬೇಕು.

ವಿರುದ್ಧ ಪದಗಳಲ್ಲಿ ತೊಡಕು ಬೇರೆ ಬಗೆಯದು. ವಿರುದ್ಧವಾಗುವುದು ಪದವಲ್ಲ, ಆ ಸಂದರ್ಭದಲ್ಲಿ ಅದಕ್ಕಿರುವ ಅರ್ಥ. ‘ಓಲ್ಡ್’ ಎಂಬುದಕ್ಕೆ ಮನುಷ್ಯರ ವಿಷಯದಲ್ಲಿ ‘ಯಂಗ್’, ಸೈಕಲ್ಲಿನ ವಿಷಯದಲ್ಲಿ ‘ನ್ಯೂ’. ‘ಶಾರ್ಟ್’ ಎಂಬುದಕ್ಕೆ ವ್ಯಕ್ತಿಯಾದರೆ ‘ಟಾಲ್’, ಹಗ್ಗವಾದರೆ ‘ಲಾಂಗ್’. ‘ಹಾಟ್’ ಅಲ್ಲದ ಕಾಫಿ ‘ಕೋಲ್ಡ್’ ಆಗಿರಲೇಬೇಕಿಲ್ಲ, ಉಗುರುಬೆಚ್ಚಗೂ ಇರಬಹುದು. ಆದರೆ ‘ಅಲೈವ್’, ‘ಡೆಡ್’ ಪದಗಳ ನಡುವೆ ಅಂತಹ ಎಡೆಯಿಲ್ಲ. ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ‘ಲೆಂಡ್’, ‘ಬಾರೋ’ ಜೋಡಿಯಲ್ಲಿ. ಕನ್ನಡದಲ್ಲಿ ಕೊಡುವವರಿಗೂ ಪಡೆಯುವವರಿಗೂ ‘ಸಾಲ’ ಎಂಬ ಒಂದೇ ಪದವಿದ್ದು ಕ್ರಿಯಾಪದವಷ್ಟೇ ಬದಲಾಗುವುದರಿಂದ ಈ ಗೊಂದಲ ಸಹಜ: ಕೊಡುವುದು ‘ಲೆಂಡ್’, ಪಡೆಯುವುದು ‘ಬಾರೋ’.

ಪದದ ಮುಂದೆ ‘ಇನ್’ ಸೇರಿದ ಮಾತ್ರಕ್ಕೆ ವಿರುದ್ಧಾರ್ಥ ಬಂತೆಂದು ನಂಬಬೇಡಿ. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ವೂ ಹಾಗೆಯೇ. ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡಕ್ಕೂ ಬೇಗ ಬೆಂಕಿ ಹೊತ್ತಿಕೊಳ್ಳುವಂಥದ್ದು ಎಂದೇ ಅರ್ಥ. ಇಲ್ಲಿ ತಪ್ಪು ತಿಳಿದರೆ ಅಂಕವಲ್ಲ, ಜೀವಕ್ಕೇ ಅಪಾಯ.

ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪದಸಂಗ್ರಹವು ಪದಗಳನ್ನು ಅವು ಸೂಚಿಸುವ ವಿಚಾರಗಳ ಪ್ರಕಾರ ಗುಂಪು ಮಾಡಿ, ಬರೆಯುವವರಿಗೆ ತಕ್ಕ ಪದವನ್ನು ಆರಿಸಿಕೊಳ್ಳಲು ನೆರವಾಗುತ್ತದೆ. ಆದರೆ ಆರಿಸಲು ಪದದ ಬಳಕೆ ಮೊದಲೇ ಗೊತ್ತಿರಬೇಕು. ಆದ್ದರಿಂದ ದಿನಕ್ಕೆ ಇಪ್ಪತ್ತರ ಬದಲು ಐದು ಪದ ಸಾಕು. ಉದಾಹರಣೆ ವಾಕ್ಯಗಳಿರುವ ನಿಘಂಟನ್ನು ನೋಡಿ, ಪ್ರತಿ ಪದಕ್ಕೂ ನಿಮ್ಮದೇ ಒಂದು ವಾಕ್ಯ ಬರೆದು ಉಪನ್ಯಾಸಕರಿಗೆ ತೋರಿಸಿ. ಅಜ್ಜನ ಕುರಿತ ವಾಕ್ಯವನ್ನು ‘ಆಸ್ಕ್’ ಬಳಸಿ ಮತ್ತೆ ಬರೆಯುವುದರಿಂದಲೇ ಆರಂಭಿಸಬಹುದು.